ತಾವು ಯಾವ ಗುಳಿಗೆ?

ನೆಗಡಿ ಅಂತ ಹೋಮಿಯೋಪತಿ ಡಾಕ್ಟರ ಹತ್ತಿರ ಹೋಗಿ ನೋಡಿ. ಮೂಗಿನ ವಿಚಾರ ಎರಡೇ ನಿಮಿಷಕ್ಕೆ ಮುಗಿಯುತ್ತದೆ. ಆಮೇಲೆ ಶುರು: ಮಲಗುವಾಗ ಫ್ಯಾನ್ ಬೇಕೋ ಬೇಡವೋ? ಉಪ್ಪು ಜಾಸ್ತಿ ತಿಂತೀರಾ? ಕನಸಲ್ಲಿ ಹಾವು ಬರುತ್ತಾ? ಅಳುವಾಗ ಯಾರಾದರೂ ಸಮಾಧಾನ ಹೇಳಿದರೆ ಹಿತವೋ, ಮೈ ಉರಿಯುತ್ತೋ? ಹೆಣ್ಣು ಕೊಡುವವರೂ ನಮ್ಮನ್ನು ಇಷ್ಟು ವಿಚಾರಿಸಿರಲಿಲ್ಲ.

ಇದಕ್ಕೆಲ್ಲ ಮೂಲಪುರುಷ ಜರ್ಮನಿಯ ಸ್ಯಾಮ್ಯುಯೆಲ್ ಹಾನಿಮನ್. 1790ರಲ್ಲಿ ಆತ ಸ್ಕಾಟ್ಲೆಂಡಿನ ವೈದ್ಯ ಕಲೆನ್ ಬರೆದ ಪುಸ್ತಕವನ್ನು ಅನುವಾದಿಸುತ್ತಿದ್ದ. ಸಿಂಕೋನಾ ತೊಗಟೆ ಚಳಿಜ್ವರಕ್ಕೆ ಯಾಕೆ ನಾಟುತ್ತದೆ ಎಂಬ ವಿವರಣೆ ಅವನಿಗೆ ಒಪ್ಪಿಗೆಯಾಗಲಿಲ್ಲ. ಅಡಿಟಿಪ್ಪಣಿಯಲ್ಲಿ ಜಗಳ ತೆಗೆದದ್ದು ಸಾಲದೆ, ತೊಗಟೆಯನ್ನೇ ಸೇವಿಸಿ ನೋಡಿದ. ಚಳಿಜ್ವರದ ಲಕ್ಷಣಗಳೇ ಬಂದವಂತೆ! ಯಾವುದು ರೋಗದಂಥ ಲಕ್ಷಣ ತರುತ್ತದೋ ಅದೇ ಆ ರೋಗಕ್ಕೆ ಮದ್ದು ಎಂಬ ಸೂತ್ರ ಹುಟ್ಟಿದ್ದು ಹೀಗೆ.

ಹಾಗಾಗಿ ಕಣ್ಣು ಮೂಗು ಸುರಿಸುವ ಈರುಳ್ಳಿಯೇ ನೆಗಡಿಗೆ ಮದ್ದು. ಅದರ ಹೆಸರು ಅಲಿಯಂ ಸೀಪಾ. ನಿದ್ದೆಗೆಡಿಸುವ ಕಾಫಿಯೇ ನಿದ್ದೆ ಬಾರದವರಿಗೆ ಮದ್ದು. ಅದು ಕಾಫಿಯಾ ಕ್ರೂಡಾ. ಎರಡನ್ನೂ ಪೊಟ್ಟಣ ಕಟ್ಟಿ ಕೈಗಿಟ್ಟು ಡಾಕ್ಟರು ಹೇಳುವ ಪಥ್ಯ: "ಕಾಫಿ, ಈರುಳ್ಳಿ ಮುಟ್ಟಲೇಬೇಡಿ."

ತಯಾರಿಕೆ ಇನ್ನೂ ಸೊಗಸು. ಒಂದು ಹನಿ ಸಾರಕ್ಕೆ 99 ಹನಿ ಮದ್ಯಸಾರ ಸೇರಿಸಿ ಕುಲುಕಬೇಕು. ಅದರಿಂದ ಒಂದು ಹನಿ ತೆಗೆದು ಮತ್ತೆ 99ಕ್ಕೆ ಹಾಕಿ ಮತ್ತೆ ಕುಲುಕಬೇಕು. ಹೀಗೆ 30 ಸಲವಾದರೆ ಸೀಸೆಯ ಮೇಲೆ 30 ಎಂದು ಬರೆಯಬಹುದು. ಹನ್ನೆರಡನೇ ಸುತ್ತು ದಾಟಿದ ಮೇಲೆ ಮೂಲವಸ್ತುವಿನ ಒಂದು ಅಣು ಸಿಕ್ಕರೂ ನಿಮ್ಮ ಪುಣ್ಯ ಅನ್ನುತ್ತದೆ ರಸಾಯನಶಾಸ್ತ್ರ. ತೆಳುವಾದಷ್ಟೂ ಪವರ್ ಹೆಚ್ಚು ಅನ್ನುತ್ತದೆ ಹೋಮಿಯೋಪತಿ. ಆಸ್ಟ್ರೇಲಿಯಾದ ಆರೋಗ್ಯ ಸಂಶೋಧನಾ ಮಂಡಳಿ ಇದ್ದಬದ್ದ ಪ್ರಯೋಗಗಳನ್ನೆಲ್ಲ ಜಾಲಾಡಿ, ಯಾವ ಕಾಯಿಲೆಗೂ ಇದು ನಾಟುತ್ತದೆ ಎನ್ನಲು ನಂಬುವಂಥ ಪುರಾವೆ ಇಲ್ಲ ಎಂದು 2015ರಲ್ಲಿ ಷರಾ ಬರೆಯಿತು.

ಬರೆದರೆ ಬರೆಯಲಿ ಬಿಡಿ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲೇ ಬಡವರಿಗೆ ಈ ಗುಳಿಗೆ ಹಂಚಲು ಶುರುಮಾಡಿದವರು. ಅವರ ಹೆಸರಿನ ಸಂಸ್ಥೆಯಲ್ಲಿ ಇವತ್ತು ಅಲೋಪತಿ ಕಾಲೇಜೂ ಇದೆ, ಹೋಮಿಯೋಪತಿ ಕಾಲೇಜೂ ಇದೆ. ಒಂದೇ ಮನೆತನದ ಓರಗಿತ್ತಿಯರ ಸಂಸಾರ.

ನನ್ನನ್ನು ಕೇಳಿದರೆ ಹೋಮಿಯೋಪತಿಯ ಮಜಾ ಇರುವುದು ಗುಳಿಗೆಯಲ್ಲಲ್ಲ, ಪುಸ್ತಕದಲ್ಲಿ. ನಮ್ಮ ಬೀದಿಯ ನಿವೃತ್ತ ಪೋಸ್ಟ್ ಮಾಸ್ಟರರು ಮದ್ದಿನ ಮರದ ಪೆಟ್ಟಿಗೆ, ಯಾವ ಸ್ವಭಾವದವರಿಗೆ ಯಾವ ಮದ್ದು ಎಂದು ಹೇಳುವ ದಪ್ಪ ಮೆಟೀರಿಯಾ ಮೆಡಿಕಾ ಎರಡನ್ನೂ ಇಟ್ಟುಕೊಂಡು ಇಡೀ ಬೀದಿಯನ್ನು ಸೀಸೆಗಳಾಗಿ ವಿಂಗಡಿಸಿಬಿಟ್ಟಿದ್ದಾರೆ. ಸಿಡಿಮಿಡಿ ಮ್ಯಾನೇಜರು ನಕ್ಸ್ ವಾಮಿಕಾ, ಅಂದರೆ ಕಾಸರಕದ ಬೀಜ. ಮಾತು ಮಾತಿಗೆ ಕಣ್ಣೀರಿಟ್ಟು, ಬೆನ್ನು ತಟ್ಟಿದರೆ ಸರಿಹೋಗುವವರು ಪಲ್ಸಟಿಲಾ. ಬೆನ್ನು ತಟ್ಟಿದರೆ ಕೆರಳುವವರು ನ್ಯಾಟ್ರಂ ಮೂರ್; ಅದು ಬರೀ ಅಡುಗೆ ಉಪ್ಪು. ಗೋಡೆಯ ಪಟ ಒಂದಿಂಚು ಓರೆಯಾದರೂ ಚಡಪಡಿಸುವವರು ಆರ್ಸೆನಿಕ್. ಬಾಯಿ ಮುಚ್ಚದವರು ಲ್ಯಾಕೆಸಿಸ್, ಹಾವಿನ ವಿಷ! ಕೆದರಿದ ತಲೆ, ಸ್ನಾನಕ್ಕೆ ಸೋಮಾರಿತನ, ಎಲ್ಲದಕ್ಕೂ ಒಂದೊಂದು ಥಿಯರಿ ಇರುವವರು ಸಲ್ಫರ್. ಹರಟೆ ಬರೆಯುವವರೆಲ್ಲ ಈ ಗಂಧಕದ ಜಾತಿಯೇ ಎಂದು ನನ್ನತ್ತ ನೋಡಿಯೇ ಅವರು ಓದಿದ್ದು.

ಗುಳಿಗೆಯಲ್ಲಿ ಔಷಧಿ ಇದೆಯೋ ಇಲ್ಲವೋ, ಪುಸ್ತಕದ ತುಂಬ ಮನುಷ್ಯರಿದ್ದಾರೆ. ನಾವು ದುಡ್ಡು ಕೊಟ್ಟು ಹೋಗುವುದು ನಮ್ಮ ಬಗ್ಗೆ ನಾಲ್ಕು ಮಾತು ಕೇಳಿಸಿಕೊಳ್ಳಲಿಕ್ಕೆ. ಅದಕ್ಕೇನೂ ಅಡ್ಡಿಯಿಲ್ಲ, ಕಾಯಿಲೆ ಸಣ್ಣದಿದ್ದರೆ. ಡೆಂಗಿಯೋ ನ್ಯುಮೋನಿಯಾವೋ ಬಂದರೆ ಮಾತ್ರ ನೆಟ್ಟಗೆ ರಕ್ತ ಪರೀಕ್ಷೆ ಮಾಡುವವರ ಬಳಿ ಹೋಗಿ. ಅವರು ನಿಮ್ಮ ಕನಸು ಕೇಳುವುದಿಲ್ಲ, ಬೇಜಾರಾಗಬೇಡಿ. ಜ್ವರ ಇಳಿದ ಮೇಲೆ ನಮ್ಮ ಬೀದಿಗೆ ಬನ್ನಿ. ನಿಮ್ಮ ಷಡ್ಡಕ ಯಾವ ಗುಳಿಗೆ ಎಂದು ಪೋಸ್ಟ್ ಮಾಸ್ಟರರ ಹತ್ತಿರ ವಿಚಾರಿಸೋಣ.