ಪಾಲಕರ ಸಭೆಯಲ್ಲಿ ಭೂಕಂಪ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಸೀಮೆಯ ಪ್ರಾಥಮಿಕ ಶಾಲೆಗಳಿಂದ ಮನೆಗೆ ಬರುವ ಸುದ್ದಿಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಸೂಚನೆ, ಅಂದರೆ ಮುಖ್ಯಗುರುಗಳು ಪಾಲಕರಿಂದ ಏನನ್ನಾದರೂ ಬೇಡುವ ಬರಹ: ಆಧಾರ್ ಕಾರ್ಡಿನ ಜೆರಾಕ್ಸ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಜಾತಿ ಮತ್ತು ಆದಾಯದ ಪ್ರಮಾಣಪತ್ರ, ಬಿಸಿಯೂಟದಲ್ಲಿ ಮಗುವಿಗೆ ಮೊಟ್ಟೆ ಬೇಕೋ ಬಾಳೆಹಣ್ಣು ಬೇಕೋ ಎಂಬುದರ ಮಾಹಿತಿ. ಎರಡನೆಯದು ಸಲಹೆ, ಅಂದರೆ ಯಾರೂ ಬೇಡದಿದ್ದರೂ ಪಾಲಕರೇ ಪಾಲಕರಿಗೆ ನೀಡುವ ದಾನ. ಸೂಚನೆಗೆ ಉತ್ತರ ಸಿಗಬೇಕಾದರೆ ತಿಂಗಳು ಹಿಡಿಯುತ್ತದೆಯಾದರೂ ಸಲಹೆಗೆ ಮಾತ್ರ ಮುಗಿದ ಕೈ, ಎತ್ತಿದ ಹೆಬ್ಬೆರಳು ಮತ್ತು ಗುಲಾಬಿ ಹೂಗಳು ನಿಮಿಷದೊಳಗೆ ಬಂದು ಬೀಳುತ್ತವೆ. ಪ್ರಸ್ತುತ ಪ್ರಬಂಧದ ಕರ್ತೃವು ಚಿಂಚೋಳಿ ಪಕ್ಕದ ಚಂದಾಪುರದ ನಿವಾಸಿಯಾಗಿದ್ದು, ಎರಡನೆಯ ತರಗತಿಯಲ್ಲಿ ಓದುವ ಹೆಣ್ಣುಮಗುವಿನ ತಂದೆಯಾಗಿ, ಮೊದಲ ಬಗೆಯ ಸಾಹಿತ್ಯದಲ್ಲಿ ಹಳೆಯ ಬಾಕಿದಾರನೆಂದೂ ಎರಡನೆಯ ಬಗೆಯಲ್ಲಿ ಸಮೃದ್ಧ ಲೇಖಕನೆಂದೂ ಶಾಲೆಯ ಆವರಣದಲ್ಲಿ ಪ್ರಸಿದ್ಧನಾಗಿದ್ದಾನೆ.

ಇಂಥ ಪಾಲಕರಿಗೆ ಸರ್ಕಾರವೇ ಕಾನೂನುಬದ್ಧವಾದ ಒಂದು ಆಸನವನ್ನು ಒದಗಿಸಿದೆ. ಅದರ ಹೆಸರು ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಬಳಕೆಯಲ್ಲಿ ಎಸ್‌ಡಿಎಂಸಿ; ಮಕ್ಕಳನ್ನು ಕಳಿಸುವ ತಂದೆತಾಯಿಗಳೇ ತಮ್ಮೊಳಗಿಂದ ಆರಿಸಿದವರು ಶಾಲೆಯ ಆಗುಹೋಗುಗಳನ್ನು ನೋಡಿಕೊಳ್ಳಲಿ ಎಂಬುದು ಅದರ ಉದ್ದೇಶ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಮೇರೆಗೆ ಕರ್ನಾಟಕದಲ್ಲಿ ಈ ಸಮಿತಿಗಳು 2001ರಲ್ಲಿ ಅಸ್ತಿತ್ವಕ್ಕೆ ಬಂದವು. ರಾಮಣ್ಣನವರು 1974ರ ಪೋಖ್ರಾನ್ ಪರೀಕ್ಷೆಯ ಹಿಂದಿದ್ದ ಅಣುವಿಜ್ಞಾನಿಯಾಗಿದ್ದರಿಂದ, ಅಪಾರ ಶಕ್ತಿಯನ್ನು ಸಣ್ಣ ಜಾಗದಲ್ಲಿ ಕೂಡಿಹಾಕಿದರೆ ಏನಾಗುತ್ತದೆ ಎಂಬುದು ಅವರಿಗೆ ತಿಳಿಯದ ವಿಷಯವೇನೂ ಆಗಿರಲಿಲ್ಲ. ಆದರೂ ಅವರು ಪಾಲಕರನ್ನೆಲ್ಲ ಮುಖ್ಯಗುರುಗಳ ಕೊಠಡಿಯೊಳಗೆ ಸೇರಿಸಲು ಶಿಫಾರಸು ಮಾಡಿದರು. ಮುಂದೆ 2009ರ ಶಿಕ್ಷಣ ಹಕ್ಕು ಕಾಯ್ದೆಯು ಇಂಥ ಸಮಿತಿಗಳಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳೂ ಅರ್ಧದಷ್ಟು ಮಹಿಳೆಯರೂ ಇರಬೇಕೆಂದು ವಿಧಿಸಿತು. ಆ ಅರ್ಧದಷ್ಟು ಮಹಿಳೆಯರ ಪರವಾಗಿ ಅವರ ಗಂಡಂದಿರು ಬಂದು, ಮುಂದಿನ ಸಾಲಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತು, ಚಹಾ ಕುಡಿದು, ಹೆಂಡತಿಯ ಸಹಿಯನ್ನೂ ತಾವೇ ಮಾಡಿ ಹೋಗುವುದು ಕಾಯ್ದೆಯಲ್ಲಿಲ್ಲ; ರೂಢಿಯಲ್ಲಿದೆ.

ಈ ಸೀಮೆಯ ವಿದ್ಯಾ ಇತಿಹಾಸವು ಸಣ್ಣದಲ್ಲ. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಘಟಿಕಾಸ್ಥಾನವಿತ್ತು. ಘಟಿಕಾಸ್ಥಾನವೆಂದರೆ ವಿದ್ಯಾರ್ಥಿಗಳು ಅಲ್ಲಿಯೇ ಉಂಡು, ವಾಸವಿದ್ದು ಓದುವ ಉನ್ನತ ವಿದ್ಯಾಕೇಂದ್ರ. 1058ರ ಅಲ್ಲಿನ ಶಾಸನವು ವೇದಾಧ್ಯಯನಕ್ಕಿದ್ದ 200 ವಿದ್ಯಾರ್ಥಿಗಳನ್ನೂ, ಅಧ್ಯಾಪಕರನ್ನೂ, ಗ್ರಂಥಗಳನ್ನು ಕಾಯುವ ಆರು ಮಂದಿ ಸರಸ್ವತಿ ಭಾಂಡಾರಿಗಳನ್ನೂ ಲೆಕ್ಕವಿಟ್ಟು ಹೇಳುತ್ತದೆ. ಪಾಲಕರ ಸಭೆಯ ಪ್ರಸ್ತಾಪ ಅದರಲ್ಲಿ ಎಲ್ಲಿಯೂ ಇಲ್ಲದಿರುವುದನ್ನು ಕಂಡರೆ, ಆ ವಿದ್ಯಾಕೇಂದ್ರದ ಕೀರ್ತಿಗೆ ಒಂದು ಕಾರಣ ಹೊಳೆಯದೆ ಇರದು.

ಮತ್ತೆ ಸಲಹೆಗಳಿಗೆ ಬಂದರೆ, ಮಕ್ಕಳ ಸುರಕ್ಷತೆಗೆಂದು ಅಚ್ಚಾಗಿ ಬರುವವುಗಳದ್ದು ಬೇರೆಯೇ ಕಥೆ. ದೂರದ ರಾಜಧಾನಿಯಲ್ಲಿ ಬಣ್ಣಬಣ್ಣವಾಗಿ ಮುದ್ರಿತವಾಗಿ ಬರುವ ಫಲಕಗಳು, ಲಿಫ್ಟಿನಲ್ಲಿ ಒಬ್ಬರೇ ಹೋಗಬಾರದೆಂದೂ ಜೀಬ್ರಾ ಪಟ್ಟೆಯ ಮೇಲೆಯೇ ರಸ್ತೆ ದಾಟಬೇಕೆಂದೂ ಮಕ್ಕಳಿಗೆ ತಿಳಿಹೇಳುತ್ತವೆ. ಲಿಫ್ಟನ್ನು ಸಿನಿಮಾದಲ್ಲಿ ಮಾತ್ರ ಕಂಡು, ಸಿಮೆಂಟು ಲಾರಿಗಳು ಸಾಲುಗಟ್ಟಿ ಹಾಯುವ ರಸ್ತೆಯ ಅಂಚಿನಲ್ಲಿ ಅಣ್ಣನ ಕೈ ಹಿಡಿದು ನಡೆದು, ಇಲ್ಲವೇ ಟಂಟಂ ಎಂಬ ಮೂರು ಗಾಲಿಯ ವಾಹನದ ಹಿಂಬದಿಗೆ ಜೋತುಬಿದ್ದು ಶಾಲೆಗೆ ಬರುವ ಮಕ್ಕಳು ಅದನ್ನು ರಾಗವಾಗಿ ಓದಿ ಬಾಯಿಪಾಠ ಮಾಡುತ್ತಾರೆ. ಅದೇ ಫಲಕದ ಎದುರು ಒಂದೇ ಬೈಕಿನಿಂದ ಮೂರು ಮಕ್ಕಳನ್ನು ಇಳಿಸುವ ತಂದೆ, ಇಳಿಸಿದ ಮೇಲೆ ಅವರಿಗೆ ಹುಷಾರಾಗಿ ಇರುವಂತೆ ಹೇಳಿ, ಹೆಲ್ಮೆಟ್ಟನ್ನು ಕನ್ನಡಿಗೆ ತೂಗುಹಾಕಿಕೊಂಡು ಹೋಗುತ್ತಾನೆ.

ಚಿಂಚೋಳಿ ತಾಲ್ಲೂಕಿಗೆ ತನ್ನದೇ ಆದ ಒಂದು ಅಪಾಯವನ್ನು 2021ರ ಅಕ್ಟೋಬರ್ ತಿಂಗಳು ಒದಗಿಸಿತು. ಗಡಿಕೇಶ್ವಾರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನೆಲದಡಿಯಿಂದ ಸದ್ದು ಬರುವುದೂ ಪಾತ್ರೆಗಳು ಅಲುಗುವುದೂ ಪದೇ ಪದೇ ನಡೆದು, ಒಂದು ರಾತ್ರಿ ರಿಕ್ಟರ್ ಮಾಪಕದಲ್ಲಿ, ಅಂದರೆ ಕಂಪನದ ಶಕ್ತಿಯನ್ನು ಅಳೆಯುವ ಮಾನದಲ್ಲಿ, 4.1 ದಾಖಲಾಯಿತು. ಮಳೆಗಾಲದ ನೀರು ಸುಣ್ಣಕಲ್ಲಿನ ಪದರಗಳೊಳಗೆ ಇಳಿದು ಒತ್ತಡ ಬದಲಾಗುವುದರಿಂದ ಇಂಥ ಸಣ್ಣ ಕಂಪನಗಳು ಆಗುತ್ತವೆಯೆಂದು ತಜ್ಞರು ವಿವರಿಸಿದರು. ಆದರೆ ನೆರೆಯ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಲ್ಲುಮಣ್ಣಿನ ಗೋಡೆಗಳಡಿ ಸಾವಿರಾರು ಜನ ಸತ್ತದ್ದನ್ನು ಹಿರಿಯರು ಮರೆತಿರಲಿಲ್ಲವಾದ್ದರಿಂದ, ಊರವರು ವಿವರಣೆ ಕೇಳಿದ ಮೇಲೆಯೂ ಅಂಗಳದಲ್ಲಿಯೇ ಮಲಗಿದರು.

ಭೂಕಂಪವು ಪ್ರಬಂಧಕಾರನ ಅಧ್ಯಯನದ ವಿಷಯವಾದದ್ದು ಹೀಗೆ. ಜಪಾನಿನ ಶಾಲಾಮಕ್ಕಳು ನೆಲ ನಡುಗಿದೊಡನೆ ಡೆಸ್ಕಿನ ಕೆಳಗೆ ಸರಿದು, ತಲೆ ಮರೆಮಾಡಿ, ಡೆಸ್ಕಿನ ಕಾಲನ್ನು ಗಟ್ಟಿಯಾಗಿ ಹಿಡಿದುಕೊಳ್ಳುವ ವಿಡಿಯೋವನ್ನು ಆತನು ಹಲವು ಸಲ ವೀಕ್ಷಿಸಿ, ಚಂದಾಪುರದ ಬಾಲಕರಿಗೂ ಈ ವಿದ್ಯೆ ದಕ್ಕಬೇಕೆಂದು ಸಂಕಲ್ಪಿಸಿ, ಪಾಲಕರ ಸಭೆಯಲ್ಲಿ ಪ್ರಾತ್ಯಕ್ಷಿಕೆಗೆ, ಅಂದರೆ ಮಾಡಿ ತೋರಿಸುವುದಕ್ಕೆ, ಅವಕಾಶವನ್ನು ಕೇಳಿ ಪಡೆದನು. ಮಕ್ಕಳು ಜಮಖಾನೆಯ ಮೇಲೆ ಕೂಡುವ ಆ ಕೊಠಡಿಯಲ್ಲಿ ಡೆಸ್ಕುಗಳಿರಲಿಲ್ಲವಾದ್ದರಿಂದ, ಇದ್ದ ಒಂದೇ ಮೇಜು, ಅಂದರೆ ಮುಖ್ಯಗುರುಗಳ ಮೇಜು, ಈ ಕಾರ್ಯಕ್ಕೆ ಆಯ್ಕೆಯಾಯಿತು. ಎರಡೂ ಪಕ್ಕಗಳಲ್ಲಿ ಖಾನೆಗಳೂ ಮುಂಭಾಗದಲ್ಲಿ ಅಡ್ಡಹಲಗೆಯೂ ಇದ್ದ ಆ ಮೇಜಿನ ಕೆಳಗೆ ಒಬ್ಬ ಮನುಷ್ಯನಿಗೆ ಸಾಲುವಷ್ಟು ಜಾಗವಿದ್ದುದು ನಿಜವೇ ಆದರೂ, ಆ ಜಾಗವನ್ನು ಹಿಂದಿನ ವರ್ಷದ ಉತ್ತರಪತ್ರಿಕೆಗಳ ಕಟ್ಟು, ಧ್ವಜಸ್ತಂಭದ ಹಗ್ಗ, ಸುಣ್ಣದಕಡ್ಡಿಯ ಪೆಟ್ಟಿಗೆ, ತೊಗರಿಬೇಳೆಯ ಅರ್ಧ ಚೀಲ ಹಾಗೂ ಆಫ್ರಿಕಾ ಖಂಡವು ಒಳಕ್ಕೆ ಕುಸಿದಿದ್ದ ಒಂದು ಭೂಗೋಲ ಮುಂಚಿತವಾಗಿಯೇ ಹಂಚಿಕೊಂಡಿದ್ದವು.

'ಈಗ ಭೂಕಂಪವಾಯಿತೆಂದು ಭಾವಿಸಿ' ಎಂದು ಘೋಷಿಸಿದ ಪ್ರಬಂಧಕಾರನು ಮೊಣಕಾಲೂರಿ, ತಲೆಯನ್ನು ಮೊದಲು ತೂರಿಸಿ, ಭುಜಗಳನ್ನು ಓರೆಯಾಗಿಸಿ ಒಳಹೊಕ್ಕನು. ಜಪಾನಿನ ಮಕ್ಕಳಿಗೆ ಹೊಟ್ಟೆಯಿಲ್ಲವೆಂಬ ಸೂಕ್ಷ್ಮವು ಅಲ್ಲಿಯವರೆಗೆ ಆತನ ಗಮನಕ್ಕೆ ಬಂದಿರಲಿಲ್ಲ. ತೊಗರಿಬೇಳೆಯ ಚೀಲ ಮತ್ತು ಎಡಗಡೆಯ ಖಾನೆಗಳ ನಡುವೆ ದೇಹದ ಮಧ್ಯಭಾಗವು ಸ್ಥಿರಗೊಂಡು, ಮುಂದೆ ಅಡ್ಡಹಲಗೆಯೂ ಹಿಂದೆ ಸ್ವಂತ ಗಾತ್ರವೂ ತಡೆಯಾಗಿ, ಒಂದು ಕೈಯಲ್ಲಿ ನಿಯಮಾನುಸಾರ ಮೇಜಿನ ಕಾಲೂ ಇನ್ನೊಂದು ಕೈಯಲ್ಲಿ ಅನಿವಾರ್ಯವಾಗಿ ಭೂಗೋಲವೂ ಇರುವ ಸ್ಥಿತಿಯಲ್ಲಿ ಆತನು ನಿಂತುಹೋದನು; ಕಾಲುಗಳೆರಡು ಮಾತ್ರ ಸಭೆಗೆ ಕಾಣುವಂತೆ ಹೊರಗುಳಿದವು. ಆ ಭಂಗಿಯಲ್ಲಿಯೇ ಭೂಕಂಪದ ಮೂರು ಮುಖ್ಯ ನಿಯಮಗಳನ್ನು ಆತನು ಉಚ್ಚಸ್ವರದಲ್ಲಿ ವಿವರಿಸಿದನು. ಧ್ವನಿಯು ಹಲಗೆಗೆ ಬಡಿದು ತಿರುಗಿ ಆತನಿಗೇ ಕೇಳುತ್ತಿದ್ದುದರಿಂದ, ಉಪನ್ಯಾಸವು ಚೆನ್ನಾಗಿಯೇ ಬರುತ್ತಿದೆ ಎಂಬ ತೃಪ್ತಿ ಆ ಇಕ್ಕಟ್ಟಿನಲ್ಲಿಯೂ ಆತನಿಗಿತ್ತೆಂಬುದನ್ನು ಇಲ್ಲಿ ದಾಖಲಿಸಲೇಬೇಕು.

ಅಷ್ಟರಲ್ಲಿ ಮೊಮ್ಮಗನ ಪರವಾಗಿ ತಡವಾಗಿ ಬಂದ ಮುದುಕಿಯೊಬ್ಬಳು ಬಾಗಿಲಲ್ಲಿ ನಿಂತು, ಆ ಕಾಲುಗಳನ್ನು ನೋಡಿ, 'ಅವರೇನ್ ಹುಡುಕ್ಲತ್ತಾರ್ರೀ ಸರ್?' ಎಂದು ವಿಚಾರಿಸಿದಳು. 'ಭೂಕಂಪ ಮಾಡಿ ತೋರಸ್ಲತ್ತಾರ ಆಯಿ, ಕೂಡ್ರಿ' ಎಂದು ಮುಖ್ಯಗುರುಗಳು ಶಾಂತವಾಗಿ ಉತ್ತರಿಸಿದರು. ಮುದುಕಿಯು ಗಡಿಕೇಶ್ವಾರಕ್ಕೆ ಮಗಳನ್ನು ಕೊಟ್ಟು, ಕಂಪನದ ದಿನಗಳಲ್ಲಿ ಅಲ್ಲಿಯೇ ಇದ್ದವಳು. 'ನೆಲ ನಡಗಿದ್ರ ಹೊರಗ ಬಯಲಿಗಿ ಓಡಬೇಕೋ ಯಪ್ಪಾ, ಒಳಗ್ಯಾಕ ಹೊಕ್ಕೊಂಡಿ?' ಎಂದು ಆಕೆ ಕಾಲುಗಳನ್ನೇ ಉದ್ದೇಶಿಸಿ ಕೇಳಿದ ಪ್ರಶ್ನೆಗೆ ಮೇಜಿನ ಕೆಳಗಿನಿಂದ ಉತ್ತರ ಬರಲಿಲ್ಲ. ಕಿಟಕಿಯಿಂದ ಇಣುಕುತ್ತಿದ್ದ ಮೂರನೆಯ ತರಗತಿಯ ಹುಡುಗನೊಬ್ಬ ಇನ್ನೊಂದು ಪ್ರಶ್ನೆಯನ್ನು ಸೇರಿಸಿದನು: 'ಸರ್, ನಾವು ಇಷ್ಟ್ ಮಂದಿ ಇದ್ದೀವಿ, ಟೇಬಲ್ ಒಂದೇ ಅದ. ಯಾರ್ ಹೊಕ್ಕೋಬೇಕ್ರೀ?'

ಈ ಎರಡು ಪ್ರಶ್ನೆಗಳ ಉತ್ತರಕ್ಕಾಗಿ ಸಭೆಯು ಕಾಯದೆ, ಕಾರ್ಯಸೂಚಿಯ ಮುಂದಿನ ವಿಷಯಕ್ಕೆ ಸಾಗಿತು. ಶೌಚಾಲಯದ ನೀರಿನ ಟಾಕಿ, ಸ್ವಾತಂತ್ರ್ಯ ದಿನದ ಸಿಹಿ, ಮುರಿದ ಗೇಟು ಇವು ಮೂರೂ ಮೇಜಿನ ಮೇಲೆ ಚರ್ಚೆಯಾಗಿ ತೀರ್ಮಾನವಾದವು. ನಡಾವಳಿ ಪುಸ್ತಕ, ಅಂದರೆ ಸಭೆಯ ತೀರ್ಮಾನಗಳನ್ನು ಬರೆದಿಡುವ ದಪ್ಪ ರಿಜಿಸ್ಟರ್, ಎಲ್ಲರ ಸಹಿಯಾದ ಮೇಲೆ ಮೇಜಿನ ಕೆಳಕ್ಕೂ ಬಂತು. ಪ್ರಬಂಧಕಾರನು ಭೂಗೋಲವನ್ನು ಬಿಟ್ಟು, ಪೆನ್ನನ್ನು ಹಿಡಿದು, ಮಲಗಿದಲ್ಲಿಯೇ ಸಹಿ ಮಾಡಿದನು. 'ಭೂಕಂಪದ ಕುರಿತು ಮಾಹಿತಿ ನೀಡಲಾಯಿತು. ಪ್ರಾತ್ಯಕ್ಷಿಕೆ ಯಶಸ್ವಿಯಾಯಿತು' ಎಂಬ ವಾಕ್ಯವು ಆ ಪುಸ್ತಕದಲ್ಲಿ ಇಂದಿಗೂ ಇದ್ದು, ಅದರ ಕೆಳಗೆ ಇಳಿಜಾರಾಗಿ ಹರಿದ ಸಹಿಯೊಂದನ್ನು ಯಾರು ಬೇಕಾದರೂ ನೋಡಬಹುದಾಗಿದೆ. ಬಿಡುಗಡೆಯು ಚಹಾದ ಹೊತ್ತಿಗೆ, ಮೇಜನ್ನು ನಾಲ್ವರು ಎತ್ತುವುದರ ಮೂಲಕ ನೆರವೇರಿತು. ಆತನ ಮಗಳು ಅಂದು ಗೆಳತಿಯ ತಂದೆಯೊಂದಿಗೆ ಮನೆಗೆ ಹೋದಳು.

ಮುದುಕಿಯ ಮಾತಿನಲ್ಲಿ ಶಾಸ್ತ್ರವಿತ್ತೆಂಬುದನ್ನು ಒಪ್ಪಬೇಕು. ಗಟ್ಟಿಯಾಗಿ ಕಟ್ಟಿದ ಕಟ್ಟಡದಲ್ಲಿ ಮೇಜಿನಡಿ ಸೇರುವುದು ಸರಿಯಾದ ಕ್ರಮವಾದರೂ, ಮಣ್ಣಿನಲ್ಲಿ ಕಲ್ಲು ಜೋಡಿಸಿ ಭಾರದ ಚಾವಣಿ ಹೊರಿಸಿದ ಮನೆಯಲ್ಲಿ ಬಾಗಿಲು ಹತ್ತಿರವಿದ್ದರೆ ಬಯಲಿಗೆ ಹೋಗುವುದೇ ಲೇಸು.

ಸಲಹೆಗಳು ಸಭೆಯಲ್ಲಿ ಸಿಕ್ಕಿಬಿದ್ದರೆ ಹೀಗೆ ನಾಲ್ವರು ಎತ್ತಿ ಬಿಡಿಸಬಹುದು. ಫೋನಿನಲ್ಲಿ ಹೊರಟವುಗಳನ್ನು ಹಿಡಿಯುವುದು ಕಷ್ಟ. ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ದುಡಿಯುವ ಸಂಸ್ಥೆಯೊಂದು ಪಾಲಕರನ್ನು ಎಚ್ಚರಿಸಲೆಂದೇ ಒಂದು ಕಿರುಚಿತ್ರ ತಯಾರಿಸಿತ್ತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುವ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಮರುಕ್ಷಣ ಹಿಂತಿರುಗಿ ಮಗುವನ್ನು ಇಳಿಸಿ, ಮಗುವನ್ನು ಕದಿಯಲು ಎಷ್ಟು ಕಡಿಮೆ ಹೊತ್ತು ಸಾಕೆಂದು ಬರೆದ ಫಲಕವನ್ನು ತೋರಿಸುತ್ತಾರೆ. ಯಾರೋ ಹಿಂತಿರುಗುವ ಭಾಗವನ್ನು ಕತ್ತರಿಸಿದರು. ಉಳಿದ ತುಂಡು 2018ರಲ್ಲಿ ಭಾರತದ ಊರೂರುಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿಯೊಂದಿಗೆ ಹರಿದಾಡಿತು. ಆ ವರ್ಷದ ಜುಲೈ 13ರಂದು, ಚಿಂಚೋಳಿಗೆ ಹೊಂದಿಕೊಂಡ ಬೀದರ್ ಜಿಲ್ಲೆಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಗೆಳೆಯರ ತಂಡವೊಂದು ದಾರಿಯಲ್ಲಿ ಸಿಕ್ಕ ಶಾಲಾಮಕ್ಕಳಿಗೆ ಚಾಕೊಲೇಟ್ ಹಂಚಿತು. ಅವರು ಮಕ್ಕಳ ಕಳ್ಳರೆಂಬ ಸುದ್ದಿ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಅವರ ಕಾರಿಗಿಂತ ಮುಂದೆ ಓಡಿ, ಮುರ್ಕಿ ಗ್ರಾಮದಲ್ಲಿ ಜನ ಅವರನ್ನು ತಡೆದು ಹೊಡೆದರು. ತಂಡದ ಒಬ್ಬ ಯುವಕ, ಸಾಫ್ಟ್‌ವೇರ್ ಎಂಜಿನಿಯರ್, ಸತ್ತನು. ಅದೇ ತಿಂಗಳು ವಾಟ್ಸ್ಆ್ಯಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಮುಂದೆ ಕಳಿಸಲಾಗದಂತೆ ಮಿತಿ ಹಾಕುವುದಾಗಿ ಪ್ರಕಟಿಸಿತು. ಅಪರಿಚಿತರು ಕೊಟ್ಟ ಮಿಠಾಯಿ ತಿನ್ನಬೇಡಿರೆಂಬುದು ಒಳ್ಳೆಯ ಸಲಹೆಯೇ ಸರಿ. ಅದು ಮಕ್ಕಳಿಗೆ ಹೇಳುವ ಮಾತೇ ಹೊರತು ಮಿಠಾಯಿ ಕೊಟ್ಟವನನ್ನು ಕೊಲ್ಲಲು ದೊಡ್ಡವರಿಗೆ ನೀಡಿದ ಪರವಾನಗಿಯಲ್ಲ. ಮುರ್ಕಿಯ ನಂತರವೂ ಪ್ರತಿ ವರ್ಷ ಶಾಲೆ ತೆರೆಯುವ ಹೊತ್ತಿಗೆ ಅಂಥದೇ ಸಂದೇಶಗಳು ಊರಿನ ಹೆಸರು ಬದಲಿಸಿಕೊಂಡು ಬರುತ್ತವೆ, ಮತ್ತು ಓದುಬರಹ ಬಲ್ಲವರೇ, ಕೆಲವೊಮ್ಮೆ ಪದವೀಧರರೇ, ಅವನ್ನು ಕೈಮುಗಿದ ಚಿತ್ರದೊಂದಿಗೆ ಮುಂದೆ ಕಳಿಸುತ್ತಾರೆ.

ಈ ಸೀಮೆಯ ಮಕ್ಕಳಿಗೆ ನಿಜವಾಗಿ ಇರುವ ಅಪಾಯಗಳಿಗೆ ಅಂಥ ರೋಮಾಂಚನವಿಲ್ಲದ್ದರಿಂದ ಅವು ಗುಂಪುಗಳಲ್ಲಿ ಕಾಣಿಸಿಕೊಳ್ಳುವುದು ವಿರಳ. ಶಹಾಬಾದಿನ ಫರಸಿ ದೇಶದ ಎಷ್ಟೋ ಮನೆಗಳ ನೆಲವಾಗಿದೆ. ಆ ಕಲ್ಲು ತೆಗೆದ ಗುಂಡಿಗಳು ಮಳೆಗಾಲದಲ್ಲಿ ನೀರು ತುಂಬಿ, ಅಂಚಿನಿಂದಲೇ ಆಳವಾಗಿ, ಈಜಲು ಕರೆಯುವಂತೆ ತಿಳಿಯಾಗಿ ನಿಂತಿರುತ್ತವೆ. ವಾಡಿಯಲ್ಲಿ ರೈಲು ಹಳಿಗಳನ್ನು ದಾಟುವುದು ದಿನದ ಓಡಾಟದ ಭಾಗ. ತೊಗರಿಗೆ ಔಷಧಿ ಹೊಡೆಯುವ ಕಾಲದಲ್ಲಿ ಖಾಲಿಯಾದ ಡಬ್ಬಿಗಳು ತೊಳೆಯಲ್ಪಟ್ಟು ನೀರಿನ ಪಾತ್ರೆಗಳಾಗುತ್ತವೆ, ಎಷ್ಟು ತೊಳೆದರೂ ವಿಷ ಪೂರ್ತಿ ಹೋಗದಿದ್ದರೂ. ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಮಗುವಿನ ಚೀಲದಲ್ಲಿ ಪುಸ್ತಕವಿರುತ್ತದೆ, ನೀರಿನ ಬಾಟಲಿ ಮನೆಯ ಕಟ್ಟೆಯ ಮೇಲೆ ಉಳಿದಿರುತ್ತದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿರುದ್ಧ 2012ರಲ್ಲಿ ಬಂದ ಪೋಕ್ಸೋ ಕಾಯ್ದೆಯ ಪ್ರಕರಣಗಳಲ್ಲಿ ಆರೋಪಿಯು ಬಹುಪಾಲು ಮಗುವಿಗೆ ಪರಿಚಿತನೇ ಆಗಿರುತ್ತಾನೆ. ಬೈಕಿನಲ್ಲಿ ಬಂದ ಅನ್ಯರಾಜ್ಯದವನಲ್ಲ, ಮಗು ಮಾಮಾ ಎಂದೋ ಕಾಕಾ ಎಂದೋ ಕರೆಯುವ ವ್ಯಕ್ತಿ. ಇದನ್ನು ಪಾಲಕರ ಸಭೆಯಲ್ಲಿ ಪ್ರಸ್ತಾಪಿಸಿದರೆ ಮುಂದಿನ ಸಾಲಿನವರಿಗೆ ಒಮ್ಮೆಲೇ ಹೊರಗಿನ ಕೆಲಸ ನೆನಪಾಗುತ್ತದೆ.

ಮಕ್ಕಳ ಸಹಾಯವಾಣಿಯ ಸಂಖ್ಯೆ 1098, ತುರ್ತು ಸೇವೆಯದು 112. ಎರಡಕ್ಕೂ ಹಣ ಬೇಕಿಲ್ಲ, ಎರಡೂ ಹಗಲಿರುಳು ನಡೆಯುತ್ತವೆ. ಸಂಶಯದ ಸಂದೇಶ ಬಂದರೆ ಪಾಲಕರು ಅದನ್ನು ಗುಂಪಿಗೆ ಹಾಕದೆ ಮೊದಲು ಪೊಲೀಸರಿಗೋ ಮುಖ್ಯಗುರುಗಳಿಗೋ ಫೋನ್ ಮಾಡಿ ಕೇಳಬೇಕು, ಮತ್ತು ಮಳೆಗಾಲ ಮುಗಿಯುವವರೆಗೆ ತಮ್ಮ ಮಕ್ಕಳನ್ನು ನೀರು ನಿಂತ ಕಲ್ಲುಗಣಿಗಳ ಕಡೆಗೆ ಬಿಡಬಾರದು.