ಹಳತು ಮುಗೀಲಿ!

ಶಿರಸಿ, ಸಿದ್ದಾಪುರ, ಸಾಗರದ ಕಡೆ ಮನೆಗೊಬ್ಬರಲ್ಲದಿದ್ದರೂ ಕೇರಿಗೊಬ್ಬರಾದರೂ ಇಂಥ ಅತ್ತೆ ಇದ್ದೇ ಇರುತ್ತಾರೆ. ಅಪ್ಪೆಮಿಡಿ ಕಾಲಕ್ಕೆ ಸೊಂಟ ಕಟ್ಟಿ ನಿಂತವರು ಮೇ ಕೊನೆಯ ಗುಡುಗು ಕೇಳುವವರೆಗೆ ಕೂರುವುದಿಲ್ಲ, ಬೇರೆಯವರನ್ನು ಕೂರಲು ಬಿಡುವುದೂ ಇಲ್ಲ. ಹಿತ್ತಿಲಲ್ಲಿ ಆದದ್ದೆಲ್ಲ ಉಪ್ಪಿಗೆ ಬೀಳಬೇಕು, ಬಿಸಿಲಿಗೆ ಬೀಳಬೇಕು, ಇಲ್ಲವೇ ಅಟ್ಟ ಹತ್ತಬೇಕು. ಮೊಗೆಕಾಯಿ ಬಾಳೆನಾರಿನ ಕುಣಿಕೆಯಲ್ಲಿ ಜಂತಿಗೆ ನೇತಾಡುತ್ತದೆ. ಮುರುಗಲು ಸಿಪ್ಪೆ ಅಂಗಳದಲ್ಲಿ ಕರ್ರಗಾಗುತ್ತದೆ. ಹಲಸಿನ ತೊಳೆ ಉಪ್ಪು ಹೊದ್ದು ಕತ್ತಲಕೋಣೆ ಸೇರುತ್ತದೆ. ಮರದಿಂದ ಇಳಿದದ್ದು ಸೀದಾ ಬಾಯಿಗೆ ಹೋದರೆ ಅತ್ತೆಯ ಲೆಕ್ಕದಲ್ಲಿ ಅದು ದುಂದು.

ಮಿಡಿಯ ವಿಷಯಕ್ಕೆ ಬಂದರಂತೂ ಅವರ ಮುಂದೆ ಯಾರೂ ನಿಲ್ಲುವಂತಿಲ್ಲ. ಅಘನಾಶಿನಿ ದಂಡೆಯ ಮರದ್ದೋ, ಹಿತ್ತಿಲ ಕಸಿಗಿಡದ್ದೋ ಎಂದು ಮುರಿದು ಮೂಸಿಯೇ ಹೇಳುತ್ತಾರೆ. ಮರ ಹತ್ತಿದವನಿಗೆ ಕೆಳಗಿನಿಂದಲೇ ಎಚ್ಚರಿಕೆ: "ತೊಟ್ಟು ಮುರಿದ್ರೆ ಕೂಲಿ ಇಲ್ಲ ನೋಡು!" ತೊಟ್ಟು ಹೋದ ಮಿಡಿ ಭರಣಿಯಲ್ಲಿ ಮೆತ್ತಗಾಗುತ್ತದೆ, ಅದರ ಸಹವಾಸದಿಂದ ಉಳಿದವೂ ಕೆಡುತ್ತವೆ. (ಮಕ್ಕಳ ಗೆಳೆಯರನ್ನೂ ಅತ್ತೆ ಇದೇ ಕಣ್ಣಿನಿಂದ ನೋಡುತ್ತಿದ್ದರು.) 2009ರಲ್ಲಿ ಅಪ್ಪೆಮಿಡಿಗೆ ಜಿಐ ಮಾನ್ಯತೆ ಸಿಕ್ಕಿತೆಂದು ಮಾವ ಪೇಪರು ಓದಿ ಹೇಳಿದಾಗ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: "ಅದಕ್ಕೆ ತೊಟ್ಟು ಇದ್ದಡಾ?"

ಹಲಸಿನ ಹಪ್ಪಳದ ದಿನ ಮನೆ ಸೈನ್ಯದ ಶಿಬಿರವಾಗುತ್ತದೆ. ಬಲಿತ ಕಾಯಿಯ ತೊಳೆ ಬಿಡಿಸಿ, ಹಬೆಯಲ್ಲಿ ಬೇಯಿಸಿ, ಉಪ್ಪು, ಮೆಣಸು, ಜೀರಿಗೆ ಸೇರಿಸಿ ಒರಳಿಗೆ ಹಾಕಿ ಒನಕೆಯಲ್ಲಿ ಕುಟ್ಟುತ್ತಾರೆ. ಆ ಬಿಸಿ ಹಿಟ್ಟಿನ ಉಂಡೆಗೆ ಗುಳಿ ಮಾಡಿ, ನಾಲ್ಕು ಹನಿ ಕೊಬ್ಬರಿಎಣ್ಣೆ ಬಿಟ್ಟು ತಿಂದವನಿಗೆ ಕರಿದ ಹಪ್ಪಳ ಸಪ್ಪೆ ಎನಿಸಿದರೆ ಆಶ್ಚರ್ಯವಿಲ್ಲ. ಆದರೆ ಉಂಡೆಗಳನ್ನು ಅತ್ತೆ ಎಣಿಸಿರುತ್ತಾರೆ. ಚಾಪೆಯ ಮೇಲಿನ ಹಪ್ಪಳ ಕಾಯಲು ಕೋಲು ಹಿಡಿಸಿ ಕೂರಿಸಿದ ಮೊಮ್ಮಗ ಕಾಗೆಗಿಂತ ಹೆಚ್ಚು ತಿಂದನೆಂಬುದು ಸಂಜೆ ಬಯಲಾಗುತ್ತದೆ. ಶಿಕ್ಷೆಯೆಂದರೆ, ನಾಳೆಯೂ ಅವನೇ ಕಾಯಬೇಕು. ಅವನಿಗೂ ಬೇಕಾದದ್ದು ಅದೇ.

ಇಷ್ಟೆಲ್ಲ ಮಾಡಿಟ್ಟದ್ದನ್ನು ತಿನ್ನುವುದು ಯಾವಾಗ? ಕೇಳಿದರೆ ಉತ್ತರ ಸಿದ್ಧವಿದೆ: "ಹಳತು ಮುಗೀಲಿ, ಆಮೇಲೆ ನೋಡನ." ಹಳತು ಮುಗಿಯುವ ಹೊತ್ತಿಗೆ ಹೊಸತು ಹಳತಾಗಿರುತ್ತದೆ. ಹೀಗಾಗಿ ಮಾವ ಮದುವೆಯಾದಂದಿನಿಂದ ಆ ವರ್ಷದ ಮಿಡಿಯನ್ನು ಆ ವರ್ಷವೇ ಕಚ್ಚಿದವರಲ್ಲ. ಹಳೆಯ ಮಿಡಿಗೇ ರುಚಿ ಹೆಚ್ಚು ಎನ್ನುವವರಿದ್ದಾರೆ. ಒಪ್ಪೋಣ. ಆದರೆ ಹಪ್ಪಳಕ್ಕೂ ಅದೇ ಕಾನೂನು ಹಾಕಿದರೆ ಎರಡನೆಯ ಮಳೆಗಾಲಕ್ಕೆ ಡಬ್ಬಿಯೊಳಗೆ ಹುಳುಗಳು ಸಂಸಾರ ಹೂಡುವುದಿಲ್ಲವೇ? ಭರಣಿಯ ಬಾಯಿಗೆ ಬಟ್ಟೆ ಬಿಗಿದ ಗಂಟು ಅತ್ತೆಗೆ ಮಾತ್ರ ಬಿಚ್ಚಲು ಬರುವಂಥದ್ದು. ಯಾರಾದರೂ ಹತ್ತಿರ ಸುಳಿದರೆ ಅಡುಗೆಮನೆಯಿಂದಲೇ ಕೂಗು: "ಒದ್ದೆ ಕೈಯಲ್ಲಿ ಮುಟ್ಟಡ!" ಕೈ ಒದ್ದೆಯೆಂದು ಗೋಡೆಯಾಚೆಯಿಂದ ತಿಳಿದದ್ದು ಹೇಗೆಂದು ಇದುವರೆಗೆ ಯಾರೂ ಕೇಳಿಲ್ಲ.

ಕಾನೂನಿಗೆ ಒಂದೇ ಒಂದು ವಿನಾಯಿತಿ ಇದೆ. ಹೊರಗಿನವರು ಊಟಕ್ಕೆ ಕೂತರೆ ಹಳತು ಬಡಿಸುವುದು ಮರ್ಯಾದೆಯಲ್ಲ, ಹೊಸ ಭರಣಿಯೇ ತೆರೆಯಬೇಕು. ಇದನ್ನು ಕಂಡುಕೊಂಡ ದಿನದಿಂದ ಮಾವ ಊರಿಗೆಲ್ಲ ಅತಿಥಿಪ್ರಿಯರಾಗಿಬಿಟ್ಟರು. ಪೋಸ್ಟಿನವನು, ಇನ್ಶೂರೆನ್ಸಿನವನು, ಅಡಿಕೆ ವ್ಯಾಪಾರಿ, ದಾರಿ ತಪ್ಪಿ ಬಂದ ಕಾರಿನವರು, ಯಾರನ್ನೂ ಉಣ್ಣದೆ ಹೋಗಲು ಬಿಡುವುದಿಲ್ಲ. ಮಧ್ಯಾಹ್ನ ಹನ್ನೆರಡೂವರೆಗೆ ಜಗಲಿಯಲ್ಲಿ ನಿಂತು ರಸ್ತೆ ನೋಡುತ್ತಾರೆ. ಅತ್ತೆಗೂ ಒಳಗೊಳಗೇ ಹೆಮ್ಮೆ, ನಮ್ಮವರಿಗೆ ಎಷ್ಟು ದೊಡ್ಡ ಮನಸ್ಸು ಅಂತ.

ಮೊನ್ನೆ ಕರೆಂಟು ಸರಿಮಾಡಲು ಬಂದ ಲೈನ್‌ಮನ್‌ನನ್ನು ಹೀಗೇ ಎಳೆದು ಕೂರಿಸಿದರು. ಎಲೆ ಹಾಕಿ ಆಯಿತು, ಅನ್ನ ಬಿತ್ತು, ಅತ್ತೆ ಹೊಸ ಭರಣಿಯ ಗಂಟಿಗೆ ಕೈ ಹಾಕಿದರು. ಆಗ ಆ ಪುಣ್ಯಾತ್ಮ, "ನಂಗೆ ಬಿ.ಪಿ. ಇದೆ ಅಮ್ಮಾ, ಉಪ್ಪಿನಕಾಯಿ ಬೇಡ" ಅಂದುಬಿಡಬೇಕೆ! ಅತ್ತೆಯ ಕೈ ನಿಂತಿತು. ಮಾವ ಅವನ ಕಿವಿಯ ಹತ್ತಿರ ಬಗ್ಗಿ ಬೇಡಿಕೊಂಡರು: "ಎಲೆ ತುದಿಗೆ ಒಂದೇ ಒಂದು ಹಾಕಿಸ್ಕೋ ಮಾರಾಯಾ, ತಿನ್ನೋದು ನಾ ನೋಡ್ಕೊಳ್ತೇನೆ."