ಬುಡದಲ್ಲೇ ಬುಡಮೇಲು

ಆಗುಂಬೆ ಘಾಟಿಯ 14 ತಿರುವುಗಳನ್ನು ಹಾಡಿ ಹೊಗಳುವವರು ಅದರ ಬುಡದ ಬಗ್ಗೆ ಒಂದಕ್ಷರ ಬಾಯಿಬಿಡುವುದಿಲ್ಲ. ಉಡುಪಿಯಿಂದ ಆ ಬುಡದ ಊರು ಸೋಮೇಶ್ವರಕ್ಕೆ ಸುಮಾರು 40 ಕಿ.ಮೀ. ಭೂಪಟದಲ್ಲಿ ಅಚ್ಚ ಬಯಲು. ನಿಜ ಏನೆಂದು ಮಂಡಿಗೆ ಮಾತ್ರ ಗೊತ್ತು. ನಾನೋ, ಘಾಟಿಗೆಂದೇ ಸಜ್ಜಾಗಿ ಹೊರಟವನು: 21 ಗೇರಿನ ಸೈಕಲ್ಲು, ಕುಂಡೆಗೆ ದಿಂಬು ಹೊಲಿದ ಚಡ್ಡಿ, ಬೆಂಗಳೂರಿನ ಫ್ಲೈಓವರುಗಳ ಮೇಲೆ ಬೆಳೆಸಿಕೊಂಡ ಆತ್ಮವಿಶ್ವಾಸ.

ಮಣಿಪಾಲದ ಏರಿನಲ್ಲೇ ಗೇರುಗಳೆಲ್ಲ ಮುಗಿದವು. ಮೇಲೆ ನಿಂತು ಉಸಿರೆಳೆದುಕೊಳ್ಳುವಷ್ಟರಲ್ಲಿ ಪರ್ಕಳದ ಕಡೆಗೆ ಇಳಿಜಾರು. ಕರಾವಳಿಯ ಮುರಕಲ್ಲು ಗುಡ್ಡಗಳ ಸ್ವಭಾವವೇ ಅಷ್ಟು: ಗುಡ್ಡ, ಅದರಾಚೆ ಹೊಳೆಯೋ ತೋಡೋ, ಮತ್ತೆ ಗುಡ್ಡ. ಇಳಿಜಾರಿನ ಗಳಿಕೆ ಮುಂದಿನ ಏರಿನ ಬಡ್ಡಿಗೂ ಸಾಲದು. 600 ಮೀಟರಿಗೂ ಎತ್ತರದ ಊರಿಗೆ ಹೊರಟವನು ಬೆಳಗಿನಿಂದ ಹತ್ತಿದ್ದನ್ನೆಲ್ಲ ಇಳಿಯುತ್ತಲೇ ಇದ್ದೆ.

ಹಿರಿಯಡ್ಕದಾಚೆ ಮೀನಿನ ಸ್ಕೂಟರಿನವನೊಬ್ಬ ಜೊತೆಯಾದ. ‘ಪೋಂ ಪೋಂ’ ಎಂದು ಹಾರ್ನ್ ಒತ್ತುತ್ತ ನನ್ನನ್ನು ದಾಟುವುದು, ಮುಂದಿನ ಮನೆಯ ಗೇಟಿನಲ್ಲಿ ಬೂತಾಯಿ ಎಣಿಸುವುದು, ಚೌಕಾಸಿ ಮುಗಿಸಿ, ಬೆಕ್ಕಿಗೊಂದು ಎಸೆದು, ಮತ್ತೆ ನನ್ನನ್ನು ದಾಟುವುದು. ಪೆರ್ಡೂರಿನ ಹೊತ್ತಿಗೆ ಅವನ ಪೆಟ್ಟಿಗೆ ಖಾಲಿ, ನನ್ನ ಕಾಲೂ ಖಾಲಿ. ಅವನು ವಾಪಸು ಬರುವಾಗ ನಾನು ಕಳಚಿದ ಚೈನು ಹಿಡಿದು, ಮೂಗಿನ ತುದಿಗೂ ಗ್ರೀಸು ಮೆತ್ತಿಕೊಂಡು ರಸ್ತೆ ಬದಿ ಕೂತಿದ್ದೆ.

“ಎಲ್ಲಿಗೆ ಮಾರಾಯ್ರೆ?”

“ಆಗುಂಬೆಗೆ.”

“ಬಸ್ಸುಂಟಲ್ಲ!”

“ಗೊತ್ತು. ಸೈಕಲ್ಲಿನಲ್ಲೇ ಹೋಗಬೇಕು ಅಂತ...”

ಅವನ ಮುಖ ಗಂಭೀರವಾಯಿತು. “ಹರಕೆ ಉಂಟಾ?”

ಹೌದೆಂದೆ. ಅದಕ್ಕಿಂತ ಮರ್ಯಾದೆಯ ಕಾರಣ ನನ್ನ ಬಳಿ ಇರಲಿಲ್ಲ.

ಸೋಮೇಶ್ವರದಲ್ಲಿ ಘಾಟಿ ಎದ್ದು ನಿಂತಿತು, ನಾನು ಕೂತುಬಿಟ್ಟೆ. ಆ ತಿರುವುಗಳಲ್ಲಿ ಓಡುವುದು ಮಿನಿಬಸ್ಸು. ಕಂಡಕ್ಟರು ಸೈಕಲ್ಲನ್ನು ಟಾಪಿಗೇರಿಸಿ, ಲಗೇಜಿನ ದುಡ್ಡು ಎಣಿಸಿಕೊಂಡು, ‘ರೈಟ್ ಪೋಯಿ’ ಎಂದ. ಬಾಗಿಲ ಕಂಬಿಗೆ ನೇತಾಡುತ್ತ 14 ತಿರುವುಗಳನ್ನೂ ತಪ್ಪದೆ ಎಣಿಸಿದೆ.

ಮೇಲೆ ಸೂರ್ಯಾಸ್ತ ನೋಡಲು ಬಂದಿದ್ದ ಕುಟುಂಬವೊಂದು ನನ್ನ ಹೆಲ್ಮೆಟ್ಟು, ಗ್ರೀಸಿನ ಮೂಗು ಕಂಡು ಬೆರಗಾಯಿತು. “ಸೈಕಲ್ ಸಮೇತ ಘಾಟಿ ಹತ್ತಿದ್ರಾ ಸಾರ್?”

“ಹೂಂ,” ಎಂದೆ. “ಉದ್ದಕ್ಕೂ ಅದೇ ನನಗಿಂತ ನಾಲ್ಕಡಿ ಮೇಲಿತ್ತು.”